ಒಂದು ಬಾಟಲಿ, ಐದು ಮರಿ

ರೊಜಾರಿಯೊ ಸಿದ್ದಿಯ ಮನೆಯಲ್ಲಿ ನಾಯಿ ಮರಿ ಹಾಕಿದೆ ಎಂದರೆ ಮುಂಡಗೋಡ ಸೀಮೆಯ ಹೊಲದವರಿಗೆ ಸುದ್ದಿ ತಾನಾಗಿ ಮುಟ್ಟುತ್ತಿತ್ತು. ಅಜ್ಜನ ಕಾಲದಿಂದ ಬಂದ ತಳಿ ಅದು. ಕಂದು ಮೈ, ನೆಟ್ಟಗಿನ ಕಿವಿ. ಕಾಡುಹಂದಿ ಬದು ದಾಟುವ ಮೊದಲೇ ವಾಸನೆ ಹಿಡಿಯುವ ಮೂಗು. ಮರಿಗಳನ್ನು ಅವನು ಮಾರುತ್ತಿರಲಿಲ್ಲ. ಬೇಕಾದವರು ಒಂದು ಬೆಲ್ಲದ ಅಚ್ಚು ತಂದು ತಾಯಿನಾಯಿ ಬೂರಿಯ ಮುಂದಿಟ್ಟು ಮರಿಯನ್ನು ಎತ್ತಿಕೊಳ್ಳಬೇಕು. ಅದೂ ಹುಟ್ಟಿ ತಿಂಗಳು ತುಂಬಿದ ಕೂಡಲೇ. ತಡವಾದರೆ ಮರಿ ಹೋದ ಮನೆಯಲ್ಲಿ ನಿಲ್ಲದೆ ತಿರುಗಿ ಓಡಿ ಬರುತ್ತದೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ.

ಮನುಷ್ಯ ಸಿಟ್ಟಿನವನು. ಕೂಲಿಗೆ ಹೋದಲ್ಲಿ ಯಾರಾದರೂ ಎತ್ತಿಗೆ ಸುಮ್ಮನೆ ಬಾರುಕೋಲು ಬೀಸಿದರೆ, ಅರ್ಧ ಕೆಲಸ ಬಿಟ್ಟು ಬೈದು ಬರುವವನು. ಸಿಟ್ಟಿಳಿದ ಮೇಲೆ ತಪ್ಪಾಯಿತು ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಒಂದು ಹೊರೆ ಸೌದೆ ಹೊತ್ತು ಹೋಗಿ ಬೈಸಿಕೊಂಡವರ ಹಿತ್ತಲಲ್ಲಿ ಇಳಿಸಿ, ಮಾತಿಲ್ಲದೆ ತಿರುಗಿ ಬರುತ್ತಿದ್ದ. ನಿನ್ನ ಬಾಯಿಯಿಂದ ಊರಿನ ಒಲೆಗಳೆಲ್ಲ ಉರಿಯುತ್ತಿವೆ ಎಂದು ಹೆಂಡತಿ ಅನ್ನಾ ಹಂಗಿಸುತ್ತಿದ್ದಳು.

ಹೋದ ವರ್ಷ ಬೂರಿ ಐದು ಮರಿ ಹಾಕಿತು. ಆಗ ಸುತ್ತಲಿನ ನಾಯಿಗಳಿಗೆ ರಕ್ತಭೇದಿ ಬಂದಿತ್ತು. ರೊಜಾರಿಯೊ ಔಷಧದ ಅಂಗಡಿಯಿಂದ ಒಂದು ಪುಟ್ಟ ಬಾಟಲಿ ಲಸಿಕೆ ತಂದ. ಸೂಜಿ ಚುಚ್ಚುವುದು ದನಗಳಿಂದ ಅವನಿಗೆ ರೂಢಿಯಿತ್ತು. ಕಾಡಿನಲ್ಲಿ ಜೇನು ಇಳಿಸಿದರೆ ಮರ ಹತ್ತಿದವನಿಗೂ ಕೆಳಗೆ ನಿಂತವನಿಗೂ ಸಮಪಾಲು, ಜೊತೆಗೆ ಹೋದ ನಾಯಿಯ ಹೆಸರಿನಲ್ಲೂ ಒಂದು ಪಾಲು ಹಾಕುವ ಮನೆತನ ಅವನದು. ಹಾಗಾಗಿ ಆ ಒಂದು ಬಾಟಲಿಯನ್ನೂ, ಒಂದು ಹನಿ ಹೆಚ್ಚುಕಡಿಮೆಯಾಗದಂತೆ, ಐದು ಪಾಲು ಮಾಡಿ ಚುಚ್ಚಿದ. ಮರಿಗಳಿಗೆ ಆಗ ಇಪ್ಪತ್ತೆಂಟು ದಿನ. ತಿಂಗಳು ತುಂಬಿದ ಕೂಡಲೇ ಬೆಲ್ಲ ಬಂತು, ಮರಿಗಳು ಐದು ಮನೆ ಸೇರಿದವು. ಮೂರು ವಾರದೊಳಗೆ ಐದೂ ಸತ್ತವು.

ಮೊದಲು ಸತ್ತದ್ದು ಪಾಳಾ ಊರಿನ ನಾಗಲಿಂಗಪ್ಪನ ಮನೆಗೆ ಹೋದ ಮರಿ. ಸುದ್ದಿ ಹೇಳಲು ಅವನ ಹೆಂಡತಿ ಗುರುಸಿದ್ದವ್ವ ತಾನೇ ಬಂದಳು. ರೊಜಾರಿಯೊ ಮಂದಿಯ ಮುಂದೆ ಅವಳ ಮೇಲೆ ಹರಿಹಾಯ್ದ. ಸೂಜಿ ಹಾಕಿದ ಮರಿ ಹಾಗೆ ಸಾಯುವುದಿಲ್ಲ, ಹುಳಿ ಮಜ್ಜಿಗೆ ಕುಡಿಸಿ ಕೊಂದವಳು ನೀನೇ ಎಂದ. ಅವಳು ತಲೆ ತಗ್ಗಿಸಿ ಹೋದಳು. ಆಮೇಲೆ ಉಳಿದ ನಾಲ್ಕರ ಸುದ್ದಿಯೂ ಬಂದಾಗ, ಗಾಳಿಯೇ ಕೆಟ್ಟದ್ದು ಎಂದುಕೊಂಡು ಅವಳ ಹಿತ್ತಲಲ್ಲೂ ಒಂದು ಹೊರೆ ಸೌದೆ ಇಳಿಸಿ ಬಂದ. ಆದರೆ ಆಡಿದ ಮಾತು ಪಾಳಾದಲ್ಲಿ ಉಳಿದುಬಿಟ್ಟಿತು. ಅವಳ ಕೈಯಲ್ಲಿ ಮರಿ ಉಳಿಯುವುದಿಲ್ಲ ಎಂದು ನೆರೆಯ ಮಾಲವ್ವ, ತಾಯಿ ಸತ್ತ ತನ್ನ ಕರುವನ್ನು ಸಾಕಲು ಬೇರೆ ಮನೆಗೆ ಕೊಟ್ಟಳು.

ಈ ವರ್ಷ ಮಳೆ ಹಿಡಿದಾಗ ಬೂರಿ ನಾಲ್ಕು ಮರಿ ಹಾಕಿತು. ನಾಯಿಗೆ ವಯಸ್ಸಾಗಿತ್ತು. ತಳಿ ಉಳಿದರೆ ಈ ನಾಲ್ಕರಲ್ಲಿ ಉಳಿಯಬೇಕು. ಈ ಸಲ ತಾನೇ ಚುಚ್ಚುವುದು ಬೇಡವೆಂದು ತಿಂಗಳು ತುಂಬುವ ಮೊದಲು ಮರಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸು ಹತ್ತಿ ದನದ ದವಾಖಾನೆಗೆ ಹೋದ. ಡಾಕ್ಟರ್ ಪೂರ್ಣಿಮಾ ಹೋದ ವರ್ಷ ಏನು ಮಾಡಿದ್ದಿರಿ ಎಂದು ಕೇಳಿದರು. ಅವನು ಸಮಪಾಲಿನ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

"ಒಂದು ಬಾಟ್ಲಿ ಅಂದ್ರ ಒಂದು ಮರೀದು. ಐದಕ್ಕ ಹಂಚೀರಿ ಅಂದ್ರ ಒಂದಕ್ಕೂ ಹಾಕಿಲ್ಲ ಅಂತ ತಿಳೀರಿ."

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ತಿಂಗಳ ಮರಿಯ ಮೈಯಲ್ಲಿ ತಾಯಿಹಾಲಿನ ಬಲ ಇರುತ್ತದೆ, ಅದು ಲಸಿಕೆಯನ್ನು ಹತ್ತಗೊಡುವುದಿಲ್ಲ. ನಲವತ್ತೈದು ದಿನಕ್ಕೆ ಮೊದಲನೆಯದು, ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳು ತುಂಬುವ ತನಕ. ನಡುವೆ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು ಬೇರೆ. ಆಮೇಲೆ ಹೇಳಿದ ಹೊತ್ತಿಗೆ ಮತ್ತೆ ತರಬೇಕು, ತಾಯಿಯನ್ನೂ. ಇನ್ನೊಂದು ಮಾತು: ಮರಿ ಸತ್ತ ಅಂಗಳದ ಮಣ್ಣಿನಲ್ಲಿ ರೋಗ ವರ್ಷದವರೆಗೂ ಕೂತಿರುತ್ತದೆ. ಸೂಜಿ ಮುಗಿಯದ ಮರಿಯನ್ನು ಅಲ್ಲಿ ಬಿಡಲೇಬಾರದು.

ರೊಜಾರಿಯೊ ಬುಟ್ಟಿ ಎತ್ತಿಕೊಂಡು ಬಾಗಿಲ ತನಕ ಹೋಗಿ ನಿಂತ.

"ಹಂಗಾರ ಹುಳಿ ಮಜ್ಜಿಗಿ?"

"ಅದಕ್ಕ ಯಾವ ಮರೀನೂ ಹಂಗ ಸತ್ತಿಲ್ಲ" ಎಂದರು ಡಾಕ್ಟರ್.

ಮನೆಯಲ್ಲಿ ಅನ್ನಾ ಚರ್ಚಿನ ಕ್ಯಾಲೆಂಡರಿನಲ್ಲಿ ಸೂಜಿಯ ದಿನಗಳಿಗೆ ಗುರುತು ಹಾಕಿದಳು. ಅಪ್ಪನ ಮಾತು ಮೀರಬೇಕೋ ಬೇಡವೋ ಎಂಬುದು ದವಾಖಾನೆಯಲ್ಲೇ ತೀರ್ಮಾನವಾಗಿತ್ತು. ಅವನನ್ನು ಕಾಡಿದ್ದು ಗುರುಸಿದ್ದವ್ವನಿಗೆ ಆಡಿದ ಮಾತು. ಎಂಟು ದಿನದಲ್ಲಿ ಎರಡು ಸಲ ಸೌದೆ ಕಟ್ಟಿದ, ಎರಡು ಸಲವೂ ಬಿಚ್ಚಿಟ್ಟ.

ಒಂಬತ್ತನೆಯ ದಿನ ನಾಗಲಿಂಗಪ್ಪ ಬೆಲ್ಲ ಹಿಡಿದು ಬಂದ. ನಾಲ್ಕು ತಿಂಗಳು ಕಾಯಬೇಕೆಂದು ಕೇಳಿ ಅವನಿಗೆ ರೇಗಿತು.

"ನಿನ್ನ ಹಿತ್ತಲದಾಗ ದೊಡ್ಡದಾದ ನಾಯಿ ನನ್ನ ಹೊಲಾ ಕಾಯ್ತದೇನು? ಹೆದರಬ್ಯಾಡ ಮಾರಾಯಾ, ಈ ಸಲ ಹೆಂಡತಿ ಕೈಯಾಗ ಕೊಡಂಗಿಲ್ಲ. ನಾನ ನೋಡ್ಕೋತೇನಿ."

ಡಾಕ್ಟರ ಅಪ್ಪಣೆ ಎಂದು ಹೇಳಿ ಅಷ್ಟಕ್ಕೇ ಮುಗಿಸಬಹುದಿತ್ತು. ರೊಜಾರಿಯೊ ಟವಲು ಹೆಗಲಿಗೆ ಹಾಕಿಕೊಂಡು, ನಡೀರಿ, ನಿಮ್ಮ ಮನೆಗೆ ಹೋಗೋಣ ಎಂದ.

ಗುರುಸಿದ್ದವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು, ಪಕ್ಕದಲ್ಲಿ ಮಾಲವ್ವ. ಅವನನ್ನು ಕಂಡು ಗುರುಸಿದ್ದವ್ವ ಎದ್ದು ಒಳಗೆ ಹೊರಟಳು.

"ನಿಂದರ್ರಿ ಅಕ್ಕಾರ" ಎಂದ ಅವನು. "ಮರಿ ನೀವು ಕೊಂದಿಲ್ಲ. ನಾನು ಕೊಂದೆ. ಒಂದರ ಔಷಧ ಐದಕ್ಕ ಹಂಚಿದೆ. ಮಂದಿ ಮುಂದ ಬೈದಿದ್ದೆ, ಅದಕ್ಕ ಮಂದಿ ಮುಂದ ಹೇಳಾಕತ್ತೇನಿ. ತಪ್ಪಾತು."

ಅವಳು ಮೊರ ಕೆಳಗಿಟ್ಟಳು. "ಎರಡು ದಿನ ನನ್ನ ತೊಡೀ ಮ್ಯಾಲ ಇತ್ತದು. ಚಮಚೆಯಿಂದ ನೀರು ಹಾಕಿದೆ, ಅದೂ ನಿಲ್ಲಲಿಲ್ಲ. ಇದು ನಿಮಗ ಯಾವಾಗ ಗೊತ್ತಾತು?"

"ಒಂಬತ್ತು ದಿನ ಆತ್ರಿ."

"ಒಂಬತ್ತು ದಿನ" ಎಂದಳು ಅವಳು. ಮಾಲವ್ವ ಜೋಳದಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದಳು. ಕುಡಿಯಲು ನೀರು ಬಂತು, ಚಹಾ ಬರಲಿಲ್ಲ. ರೊಜಾರಿಯೊ ಕುಡಿದು ಚೊಂಬು ಇಟ್ಟು, ಮೊದಲ ಸೂಜಿ ಯಾವ ದಿನ ಎಂದು ಹೇಳಿ ಎದ್ದ.

ಮೊದಲ ಸೂಜಿಯ ದಿನ ದವಾಖಾನೆಯ ಬಾಗಿಲಲ್ಲಿ ಗುರುಸಿದ್ದವ್ವ ಕೂತಿದ್ದಳು, ಸೆರಗಿನಲ್ಲಿ ಒಂದು ರೊಟ್ಟಿ. ನಾಲ್ಕರಲ್ಲಿ ಒಂದನ್ನು ತಾನೇ ಎತ್ತಿ ತೊಡೆಯ ಮೇಲೆ ಅದುಮಿ ಹಿಡಿದಳು. ಹೋಗುವಾಗ ತನ್ನ ಹಳೆಯ ಸೀರೆಯ ತುಂಡೊಂದನ್ನು ಬುಟ್ಟಿಗೆ ಹಾಸಿದಳು. ಆಮೇಲೆ ಪ್ರತಿ ಸೂಜಿಗೂ ಬಂದಳು. ಅವನೊಡನೆ ಮಾತು ಕಡಿಮೆ, ಮರಿಯೊಡನೆ ಬಹಳ. ಅವಳ ಹೆಜ್ಜೆ ಕೇಳಿದರೆ ಸಾಕು, ಆ ಮರಿ ಬುಟ್ಟಿಯಲ್ಲೇ ಬಾಲ ಬಡಿಯುತ್ತಿತ್ತು.

ಕೊನೆಯ ಸೂಜಿ ಮುಗಿದು ಎರಡು ವಾರಕ್ಕೆ ಗಂಡ ಹೆಂಡತಿ ಇಬ್ಬರೂ ಬಂದರು. ಪ್ರತಿ ಸಲ ಬೆಲ್ಲ ಇಡುತ್ತಿದ್ದವನು ನಾಗಲಿಂಗಪ್ಪ. ಈ ಸಲ ಅಚ್ಚನ್ನು ಹೆಂಡತಿಯ ಕೈಗೆ ಕೊಟ್ಟು, "ನೀನ ಇಡು" ಎಂದ. ಅವಳು ಕುಕ್ಕರಗಾಲಲ್ಲಿ ಕೂತು ಬೂರಿಯ ಮುಂದೆ ಬೆಲ್ಲ ಇಟ್ಟಳು. ಹಲ್ಲು ಸವೆದ ಮುದಿನಾಯಿ ಅದನ್ನು ನೆಕ್ಕಿತು.

ಮರಿಯನ್ನು ಎತ್ತಿಕೊಂಡು ಹೋಗುವ ಹಾಗಿರಲಿಲ್ಲ, ಅಷ್ಟು ಬೆಳೆದಿತ್ತು. ದಾರಿಯ ತಿರುವಿನಲ್ಲಿ ಅದು ನಿಂತು ಹಿಂದಕ್ಕೆ ನೋಡಿತು. ಅಂಗಳದಲ್ಲಿ ನಿಂತ ರೊಜಾರಿಯೊಗೆ ಅಪ್ಪನ ಮಾತು ನೆನಪಾಯಿತು. ಗುರುಸಿದ್ದವ್ವ ಕರೆಯಲಿಲ್ಲ, ಜಗ್ಗಲಿಲ್ಲ, ಸುಮ್ಮನೆ ಕಾದಳು. ಸ್ವಲ್ಪ ಹೊತ್ತಿಗೆ ಮರಿ ಅವಳ ಸೆರಗು ಮೂಸಿ, ಅವಳ ಹಿಂದೆ ನಡೆಯಿತು.