ತೀರ್ಪು ಬರೆದು ಪ್ರಶ್ನೆ ಕೇಳಿದವರು

"ಈ ಸಂಬಂಧ ಬ್ಯಾಡ್ರಿ. ಇಂಟರ್ನೆಟ್‌ನ್ಯಾಗ ಖುದ್ದ ನೋಡೀನಿ, ಇದು ಹರಡತದ."

ಹುಮನಾಬಾದಿನಿಂದ ಬಂದ ಈ ಒಂದು ಫೋನಿಗೆ ನಮ್ಮ ಕಾಕಾನ ಮಗಳು ಅನಸೂಯಾಳ ಮದುವೆ ನಿಂತೇಹೋಗುವುದರಲ್ಲಿತ್ತು. ಫೋನು ಮಾಡಿದವನು ವರ, ಶಿವರಾಜ. ಅವಳ ಮಣಿಕಟ್ಟಿನ ಮೇಲೆ ರೂಪಾಯಿಯಗಲದ ಬಿಳಿ ಮಚ್ಚೆ ಇದೆ. ತೊನ್ನು. ಮುಚ್ಚಿಟ್ಟಿರಲಿಲ್ಲ, ಹೆಣ್ಣು ನೋಡಲು ಬಂದ ದಿನವೇ ಕಾಕಾ ಮಗಳ ಬಳೆ ಸರಿಸಿ ತೋರಿಸಿದ್ದರು. ಆಗ "ಹರಕತ್ತಿಲ್ಲ, ನಡೀತದ" ಎಂದವನು ನಿಶ್ಚಯಕ್ಕೆ ಒಂದು ವಾರ ಇರುವಾಗ ಸೈಬರ್ ಕೆಫೆಗೆ ಹೋಗಿ ಕೂತಿದ್ದಾನೆ!

(ಎರಡು ಸಾವಿರದ ಐದೋ ಆರೋ ಇರಬೇಕು. ಆಗ ಇಂಟರ್ನೆಟ್‌ನಲ್ಲಿ ಇದೆ ಎಂದರೆ ಮುಗಿಯಿತು, ಮೇಲ್ಮನವಿಯೇ ಇಲ್ಲ. ಹರಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಡಾಕ್ಟರು ಇಂಟರ್ನೆಟ್ ಅಲ್ಲವಲ್ಲ!)

ನನಗೆ ಸಿಟ್ಟು ನೆತ್ತಿಗೇರಿತು. ನಾನೇನು ಕಡಿಮೆಯೇ? ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದವನು. ಬಸವಕಲ್ಯಾಣದ ಸೈಬರಿನಲ್ಲಿ ಕಾಕಾನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಟೈಪಿಸಿದೆ: 'ಬಿಳಿ ಮಚ್ಚೆ ಹರಡುವ ಅಪಾಯ'.

ಬಂತು ನೋಡಿ ಸಾಲುಸಾಲು! ಸೋಂಕು, ಬೇರೆ ಟವೆಲ್ಲು, ಬೇರೆ ಹಾಸಿಗೆ, ಕೊನೆಗೆ ಕುಷ್ಠ. ಕಾಕಾ ನೋಡುವ ಮೊದಲೇ ಪೇಜು ಮುಚ್ಚಲು ಹೋದೆ.

ಕಾಕಾ ಮೂವತ್ತು ವರ್ಷ ತಹಸೀಲ್ ಕಚೇರಿಯ ಮುಂದೆ ಕೂತು ಮಂದಿಗೆ ಅರ್ಜಿ ಬರೆದುಕೊಟ್ಟವರು. ಕೀಬೋರ್ಡ್ ಮುಟ್ಟಿದವರಲ್ಲ. ಅವರು ಉತ್ತರಗಳ ಕಡೆ ನೋಡಲೇ ಇಲ್ಲ, ಮೇಲಿನ ಪಟ್ಟಿಗೆ ಬೆರಳಿಟ್ಟರು.

"ಇಲ್ಲಿ ಏನ ಬರದಿ?"

ಓದಿ ಹೇಳಿದೆ.

"ಅರ್ಜ್ಯಾಗ ತೀರ್ಪೂ ನೀನ ಬರದ್ರ ಸಾಹೇಬ ಏನ್ ಮಾಡ್ಬೇಕೋ? ಹರಡತದ ಅಂತ ನೀನ ಹೇಳೀದಿ. ಹರಡೋ ರೋಗ ಎಷ್ಟವ ಅಷ್ಟೂ ಹುಡುಕಿ ತಂದದ ಪಾಪ."

ಆಹಾ! ಕೋರ್ಸಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ನಾ ಹೇಳ್ತೀನಿ, ಬರಿ" ಎಂದು ಕಾಕಾ ಗಂಟಲು ಸರಿಪಡಿಸಿಕೊಂಡರು. "ಮಾನ್ಯರೇ, ಬಸವಕಲ್ಯಾಣದ ಕಾಯಂ ನಿವಾಸಿಯಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ನಾನೂ ವಿಧೇಯನಾಗಿ ಇಂಗ್ಲಿಷಿಗೆ ಇಳಿಸಿದೆ. (ನಗಬೇಡಿ, ಹಿರಿಯರ ಮಾತು.) ಏನು ಬಂದಿರಬಹುದು ಹೇಳಿ? ರಜೆ ಅರ್ಜಿ ಬರೆಯುವುದು ಹೇಗೆ ಎಂಬ ಹತ್ತು ಮಾದರಿ!

ಕಾಕಾ ಸ್ವಲ್ಪವೂ ಪೆಚ್ಚಾಗಲಿಲ್ಲ. "ಹಂಗಾರ ಇದಕ್ಕ ವಿಷಯದ ಒಂದ ಸಾಲು ಸಾಕು" ಎಂದರು. ಅರ್ಜಿಯ ಮೇಲುಗಡೆ 'ವಿಷಯ' ಎಂದು ಒಂದೇ ಸಾಲು ಇರುತ್ತದಲ್ಲ, ಅದು. ಅಲ್ಲಿ ಅಳುವಂತಿಲ್ಲ, ಹೆದರುವಂತಿಲ್ಲ, ದೂರುವಂತಿಲ್ಲ. ಡಾಕ್ಟರ ಚೀಟಿಯಲ್ಲಿದ್ದ ಹೆಸರು ನೋಡಿ ಟೈಪಿಸಿದೆ: 'ವಿಟಿಲಿಗೋ ಮುಟ್ಟಿದರೆ ಬರುತ್ತದೋ ಇಲ್ಲವೋ'.

ಪೇಜು ಮೇಲಿನಿಂದ ಒಂದೊಂದೇ ಸಾಲು ಇಳಿಯಿತು. ಇಲ್ಲ. ಮುಟ್ಟಿದರೆ ಬರುವುದಿಲ್ಲ. ಎರಡನೆಯದು ತೆರೆದೆ, ಅದೂ ಇಲ್ಲ. ಮೂರನೆಯದೂ ಇಲ್ಲ! ಎಲ್ಲವೂ ಡಾಕ್ಟರುಗಳೇ ಬರೆದ ಪೇಜುಗಳು. ನಾನು ಕುರ್ಚಿಯಿಂದ ಎದ್ದು ಕಾಕಾನನ್ನು ತಬ್ಬಿಕೊಂಡೆ. ಪಕ್ಕದ ಕ್ಯಾಬಿನ್ನಿನವರು ಇಣುಕಿ ನೋಡಿದರು, ನೋಡಲಿ. ಪ್ರಿಂಟ್ ತೆಗೆಸಿದವರೇ ಹುಮನಾಬಾದ್ ಬಸ್ ಹತ್ತಿದೆವು.

ಶಿವರಾಜ ತನ್ನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿದ್ದ. ಕಾಕಾ ಕೇಳಿದ್ದು ಒಂದೇ. "ಕಂಪ್ಯೂಟರ್‌ಗೆ ಏನಂತ ಕೇಳಿದ್ರಿ?"

"ಬಿಳಿ ಮಚ್ಚಿ ಹೆಂಡ್ತಿಯಿಂದ ಗಂಡಗ ಹ್ಯಾಂಗ ಹರಡತದ ಅಂತ್ರಿ."

ಅವನನ್ನು ಸೈಬರಿಗೆ ಕರೆದೊಯ್ದು ಅವನದೂ ನಮ್ಮದೂ ಎರಡೂ ಪ್ರಶ್ನೆ ಅವನ ಕೈಯಿಂದಲೇ ಟೈಪ್ ಮಾಡಿಸಿದೆ. ಉತ್ತರ ನೋಡಿ ಮುಖ ಕೆಂಪಾಯಿತು. "ತಪ್ಪಾತ್ರಿ ಮಾವಾರ. ನಿಶ್ಚಯ ಮಾಡಿಬಿಡೋಣ್ರಿ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಬಾಯಿಗೆ ಬೀಗವೇ ಇಲ್ಲ. ನಾವು ದಿನಾ ಕೇಳುವುದೂ ಹೀಗೇ ಅಲ್ಲವೇ? 'ನನ್ನ ಮಗ ಯಾಕ್ರೀ ದಡ್ಡ' ಎಂದು ಅಪ್ಪ ಕೇಳಿದರೆ ಮೇಷ್ಟ್ರು ಹತ್ತು ಕಾರಣ ಕೊಡುತ್ತಾರೆ. ಅವನು ದಡ್ಡನೋ ಅಲ್ಲವೋ ಎಂದು ಕೇಳುವವರು ಯಾರು? ಇಂಥ ಉದಾಹರಣೆ ಹುಡುಕಿ ಹುಡುಕಿ ಕಾಕಾನ ತಲೆ ತಿಂದೆ.

ಮನೆಯಲ್ಲಿ ಅನಸೂಯಾ ರೊಟ್ಟಿ ಬಡಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕಥೆ ಶುರು ಮಾಡಿದೆ. ಯಾವ ಪ್ರಶ್ನೆ ತಪ್ಪು, ಯಾವುದು ಸರಿ, ಹೇಗೆ ಗೆದ್ದೆವು, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನಮ್ಮಿಬ್ಬರ ಕಡೆ ನೋಡಿದಳು.

"ನನ್ನ ಕೈ ಬಗ್ಗೆ ಇಷ್ಟೆಲ್ಲಾ ಕೇಳೀರಿ ಅಣ್ಣಾ. ಒಂದ ಫೋನಿನ್ಯಾಗ ಬ್ಯಾಡ ಅಂದಂವಾ ನಿನಗ ಬೇಕೇನು ಅಂತ ನನಗ ಯಾರರ ಕೇಳೀರೇನು?"