ತಾಳ್ಯದ ಗಾಡಿ ಮತ್ತು ಬೆಚ್ಚಗಿನ ಬಾನೆಟ್

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗಿಬಿಡುತ್ತಿದ್ದೆ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವನು ನಾನು. ಶಬ್ದ ಬಂದರೆ ಎಲ್ಲೋ ಒಂದು ಬೋಲ್ಟ್ ಸಡಿಲವಾಗಿರುತ್ತದೆ, ಹೊಗೆ ಬಂದರೆ ಏನೋ ಸವೆದಿರುತ್ತದೆ, ಅಷ್ಟೇ ಎಂದು ನಂಬಿದವನು. ಈಗಲೂ ಹೆಚ್ಚುಕಡಿಮೆ ಹಾಗೇ ನಂಬುತ್ತೇನೆ. ತಾಳ್ಯದ ಆ ಒಂದು ಬೆಳಗನ್ನು ಮಾತ್ರ ಎಲ್ಲಿ ಸೇರಿಸಬೇಕೋ ತಿಳಿದಿಲ್ಲ. ನೀವು ನಂಬದಿದ್ದರೂ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಚಿತ್ರದುರ್ಗದಲ್ಲಿ ನನ್ನ ಗ್ಯಾರೇಜು. ಹಳೇ ಗಾಡಿ ಕೊಳ್ಳುವವರು ನೋಡಿ ಹೇಳಲು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ಬೇಡ ಎಂದ ಗಾಡಿಯನ್ನು ಹೊಸದುರ್ಗದಿಂದ ಹಿರಿಯೂರಿನವರೆಗೆ ಯಾರೂ ಮುಟ್ಟುವುದಿಲ್ಲ ಎಂಬ ಜಂಬವೂ ಇತ್ತು. ನನ್ನದೊಂದು ಪದ್ಧತಿ: ಹತ್ತು ಗಂಟೆಗೆ ಬರುತ್ತೇವೆ ಎಂದು ಹೇಳಿ, ಆರೂವರೆಗೇ ಹೋಗಿ ನಿಲ್ಲುವುದು. ಹಳೇ ಡೀಸೆಲ್ ಗಾಡಿಯ ಕಾಯಿಲೆ ಗೊತ್ತಾಗುವುದು ಅದು ತಣ್ಣಗಿದ್ದಾಗ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿದ್ದರೆ ಬಂದ ದಾರಿಗೆ ವಾಪಸ್ಸು.

ಆ ಸಲ ಗಾಡಿ ಬೇಕಿದ್ದದ್ದು ಹೊಸದುರ್ಗದ ರುದ್ರೇಶನಿಗೆ, ನನ್ನ ಹಳೇ ಗಿರಾಕಿ. ಹೊಳಲ್ಕೆರೆ ಕಡೆಯ ತಾಳ್ಯ ಎಂಬ ಹಳ್ಳಿಯಲ್ಲಿ ಹದಿನೈದು ವರ್ಷದ ಒಂದು ಎಸ್‌ಯುವಿ ಇತ್ತು. ಓಡಿಸುತ್ತಿದ್ದ ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರ ಹೆಂಡತಿ ಶಾರದಮ್ಮ ಅದನ್ನು ಮಾರಲು ಹೊರಟಿದ್ದರು.

ಡಿಸೆಂಬರ್ ತಿಂಗಳು, ಒಳ್ಳೇ ಚಳಿ. ನಾನೂ ರುದ್ರೇಶನೂ ಹೋದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಗಾಡಿ ಅಂಗಳದಲ್ಲಿ ನಿಂತಿತ್ತು. ಅದರ ಗಾಜು, ಬಾಗಿಲು, ಟಾಪು ಎಲ್ಲ ಇಬ್ಬನಿಯಲ್ಲಿ ತೊಯ್ದಿದ್ದವು. ಬಾನೆಟ್ ಮಾತ್ರ ಒಣಗಿತ್ತು. ಅಂಗೈ ಇಟ್ಟೆ. ಅರ್ಧ ಗಂಟೆ ಓಡಿ ಬಂದು ನಿಂತ ಗಾಡಿಯ ಬಿಸಿ.

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ತೆರೆದು ಬಂದ ಶಾರದಮ್ಮ “ಬರ್ರಿ, ಕುಂತ್ಕಳ್ರಿ” ಎನ್ನುವಷ್ಟರಲ್ಲಿ ಹೇಳಿಯೇಬಿಟ್ಟೆ.

“ಏನಕ್ಕಾ, ನಮಗೇ ಟೋಪಿ ಹಾಕ್ತೀರಾ? ಬೆಳಗಾಗೋದ್ರಾಗೆ ಗಾಡಿ ಬಿಸಿ ಮಾಡಿಟ್ಟೀರಲ್ಲ. ಈ ಗಾಡೀನ ಯಾರೂ ತಗಳ್ದಂಗೆ ಮಾಡ್ತೀನಿ ನೋಡ್ರಿ.”

ಆಕೆಯ ಮುಖ ಬಿಳಿಚಿಕೊಂಡಿತು.

“ಅಣ್ಣಾ, ಅದ್ರಾಗೆ ಬ್ಯಾಟ್ರಿನೇ ಇಲ್ಲ. ನಿನ್ನೆ ಹೊಳಲ್ಕೆರೇಲಿ ಚಾರ್ಜ್ ಮಾಡ್ಸಿ ತಂದು ಒಳಗಿಟ್ಟೀನಿ, ಬಂದು ನೋಡ್ರಿ. ಗಾಡಿ ಬ್ಯಾಡ ಅನ್ರಿ, ಬೇಜಾರಿಲ್ಲ. ಮೋಸ ಅಂತ ಮಾತ್ರ ಯಾರಿಗೂ ಹೇಳ್ಬ್ಯಾಡ್ರಿ. ನಮ್ಮ ಯಜಮಾನ್ರ ಹೆಸರು ಹಾಳಾಗ್ತೈತೆ.”

ನಾನು ಬಾನೆಟ್ ಎತ್ತಿದೆ. ಬ್ಯಾಟರಿಯ ಜಾಗ ಖಾಲಿ. ವೈರುಗಳು ಧೂಳು ಹಿಡಿದು ಜೋತುಬಿದ್ದಿದ್ದವು. ರೇಡಿಯೇಟರ್ ಮುಟ್ಟಿದರೆ ಕೈ ಹಿಂದಕ್ಕೆ ಬಂತು. ಬಾನೆಟ್ ಇಳಿಸಿ ಹಿಂದೆ ಹೋಗಿ ಬಗ್ಗಿ ನೋಡಿದೆ. ಸೈಲೆನ್ಸರ್ ಬಾಯಿಗೆ ಅಡ್ಡವಾಗಿ ಜೇಡ ಬಲೆ ಕಟ್ಟಿತ್ತು. ಬಲೆಯ ಎಳೆ ಎಳೆಯಲ್ಲೂ ಇಬ್ಬನಿ. ಇಂಜಿನ್ ಒಂದು ಕ್ಷಣ ಓಡಿದ್ದರೂ ಆ ಬಲೆ ಹಾರಿಹೋಗಬೇಕಿತ್ತು.

ಶಾರದಮ್ಮ ನಿಂತಲ್ಲಿಂದಲೇ ಕೇಳಿದರು, “ಗಂಟೆ ಎಷ್ಟಾತಣ್ಣಾ?”

ಆರೂಮುಕ್ಕಾಲು ಎಂದ ರುದ್ರೇಶ.

“ಅವರು ದಿನಾ ಆರು ಗಂಟೆಗೆ ಸ್ಟಾರ್ಟ್ ಮಾಡಿ ಬಿಡೋರು. ಒಂದ್ಸಲ ಇಂಥದೇ ಚಳೀಲಿ ಊರೋರು ಯಾರೋ ಹೆರಿಗೆ ನೋವು ಅಂತ ಗಾಡಿ ಕೇಳ್ಕಂಡು ಬಂದಿದ್ರು. ಗಾಡಿ ಎದ್ದೇಳ್ಲಿಲ್ಲ. ಟ್ರ್ಯಾಕ್ಟರ್‌ನಾಗೆ ದುರ್ಗಕ್ಕೆ ಕರ್ಕಂಡು ಹೋದ್ರು. ಕೂಸು ಉಳೀಲಿಲ್ಲ. ಆವತ್ತಿಂದ ಯಾರು ಬರ್ಲಿ ಬಿಡ್ಲಿ, ಒಂದಿನಾನೂ ತಪ್ಪಿಸ್ಲಿಲ್ಲ.”

ಹೇಳುತ್ತಲೇ ಆಕೆ ಬಂದು ಬಾನೆಟ್ ಮೇಲೆ ಎರಡೂ ಅಂಗೈ ಇಟ್ಟರು. ಅಳುತ್ತಾರೆಂದುಕೊಂಡೆ, ಅಳಲಿಲ್ಲ. ಕೈ ತೆಗೆಯಲೂ ಇಲ್ಲ. ನಾವೂ ಹತ್ತಿರ ಹೋಗಿ ನಿಂತೆವು. ಆಗ ನನಗಾದದ್ದನ್ನು ಹೆದರಿಕೆ ಎಂದು ಹೇಳಲಾರೆ, ಹೆದರಿಕೆ ನನಗೆ ಗೊತ್ತು, ಇದು ಅದಲ್ಲ. ಎಷ್ಟೋ ಹೊತ್ತಾದ ಮೇಲೆ ಕಾಲಿಗೆ ನೆಲ ತಣ್ಣಗೆ ಹತ್ತಿತು. ನೋಡಿಕೊಂಡರೆ ನಾನು ಚಪ್ಪಲಿ ಬಿಟ್ಟಿದ್ದೆ. ರುದ್ರೇಶನೂ ಬಿಟ್ಟಿದ್ದ. ಯಾವಾಗ ಬಿಟ್ಟೆವೋ ಇಬ್ಬರಿಗೂ ನೆನಪಿಲ್ಲ.

ಕೊನೆಗೆ ಶಾರದಮ್ಮ ಸೆರಗಿನಿಂದ ಬಾನೆಟ್ ಒರೆಸಿದರು. “ತಣ್ಣಗಾಗ್ತಾ ಐತೆ. ಪೂರ್ತಿ ಆರ್ಲಿ, ಆಮೇಲೆ ಬ್ಯಾಟ್ರಿ ಹಾಕಿ ನೋಡ್ರಿ. ಬಿಸಿ ಗಾಡಿ ತೋರ್ಸಿ ಮಾರಿದ್ರು ಅನ್ಸಿಕೊಳ್ಳೋದು ಬ್ಯಾಡ” ಎಂದರು. ಮೋಸ ಎಂದಿದ್ದ ನನ್ನ ಬಾಯಿಗೆ ಅದಕ್ಕಿಂತ ಪೆಟ್ಟು ಬೇಕಿರಲಿಲ್ಲ. ತಪ್ಪಾಯ್ತಕ್ಕಾ ಎಂದು ಕೈ ಮುಗಿದೆ.

ಇಂಜಿನ್ ಪೂರ್ತಿ ಆರಲು ಎರಡು ಗಂಟೆಯ ಮೇಲಾಯಿತು. ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆದೆ. ಅರ್ಧ ಸುತ್ತಿಗೇ ಎದ್ದಿತು. ಅಷ್ಟು ಸಲೀಸಾಗಿ ಎದ್ದ ಗಾಡಿಯ ಹೀಟರ್ ಪ್ಲಗ್ ಬಿಚ್ಚಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ರುದ್ರೇಶ ಗಾಡಿ ತೆಗೆದುಕೊಂಡ.

ಮಾರನೇ ದಿನ ಬೆಳಗ್ಗೆ ಹೊಸದುರ್ಗದಿಂದ ಅವನ ಫೋನು. “ಏನ್ ನೋಡಿ ಕೊಡ್ಸಿದ್ರಿ ಅಣ್ಣಾ? ನಾಕು ಜನ ತಳ್ಳಿದ್ರೂ ಎದ್ದೇಳ್ವಲ್ದು!” ಹೋಗಿ ಬಿಚ್ಚಿದೆ. ಚಳಿಯಲ್ಲಿ ಇಂಜಿನ್ ಎಬ್ಬಿಸಬೇಕಾದ ನಾಲ್ಕೂ ಹೀಟರ್ ಪ್ಲಗ್ ಸುಟ್ಟು ತುಕ್ಕು ಹಿಡಿದಿದ್ದವು. ನಿನ್ನೆ ಮೊನ್ನೆ ಸುಟ್ಟವಲ್ಲ. ತಾಳ್ಯದಲ್ಲಿ ಬಿಸಿಲೇರಿತ್ತು, ಅದಕ್ಕೇ ಎದ್ದಿತು ಎಂದು ನೀವು ಹೇಳಬಹುದು. ಇರಲಿ. ಒಣಗಿದ ಬಾನೆಟ್ಟಿಗೆ, ಆ ಜೇಡರ ಬಲೆಗೆ ಏನು ಹೇಳೋಣ?

ಹೊಸ ಪ್ಲಗ್ ಹಾಕಿಕೊಟ್ಟೆ. ಈಗ ಎಂಥ ಚಳಿಗೂ ಗಾಡಿ ತಕ್ಷಣ ಏಳುತ್ತದೆ, ಮುಂಚೆ ಬಿಸಿ ಮಾಡುವ ಅಗತ್ಯವೇ ಇಲ್ಲ. ಆದರೂ ರುದ್ರೇಶ ದಿನಾ ಆರು ಗಂಟೆಗೆ ಎದ್ದು ಸ್ಟಾರ್ಟ್ ಮಾಡಿ ಬಿಡುತ್ತಾನಂತೆ. ಮೊನ್ನೆ ಸರ್ವಿಸಿಗೆ ಬಂದಾಗ ಕೇಳಿದೆ, ಯಾಕಪ್ಪ ಸುಮ್ಮನೆ ಡೀಸೆಲ್ ಸುಡುತ್ತೀ ಎಂದು.

“ನಾವು ಮಾಡ್ಲಿಲ್ಲ ಅಂದ್ರೆ, ಪಾಪ, ಆ ಯಜಮಾನ್ರು ಹೊಸದುರ್ಗದ ತಂಕ ಬರ್ಬೇಕಲ್ಲಣ್ಣಾ” ಎಂದ.

ಗೇಲಿ ಮಾಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಂಗೈ ಆಗಲೇ ಬಾನೆಟ್ ಮೇಲಿತ್ತು.