ಸೂಲಗಿತ್ತಿ ಬುರ್ಗಿಯ ಹದಿನೈದನೆಯ ಬುಟ್ಟಿ

ಹಿಮಬೆಟ್ಟಗಳ ಸಂದಿಯ ನಮ್ಮ ಹಿಂಟರ್‌ಗ್ರಾಟ್ ಊರಲ್ಲಿ ಬದುಕುವುದಕ್ಕೂ ಜಾಗ ಸಾಲದು, ಸಾಯುವುದಕ್ಕೂ ಸಾಲದು. ಇರುವುದು ಹತ್ತೊಂಬತ್ತು ಮನೆ, ಎಲ್ಲವೂ ಹೊಳೆಯ ಒಂದೇ ದಂಡೆಗೆ ಒತ್ತಿಕೊಂಡು ನಿಂತಿವೆ. ಆಚೆ ದಂಡೆಯಲ್ಲಿ ಕಟ್ಟಿದವರ ಮನೆಗಳನ್ನು ಹಿಮ ಯಾವತ್ತೋ ಹೊತ್ತುಕೊಂಡು ಹೋಯಿತು. ಇಗರ್ಜಿಯ ಹಿಂಗೋಡೆಯನ್ನು ನೇಗಿಲ ಗುಳದ ಹಾಗೆ ಚೂಪಾಗಿ ಕಟ್ಟಿದ್ದಾರೆ, ಮೇಲಿಂದ ಜಾರಿ ಬರುವ ಹಿಮ ಸೀಳಿಕೊಂಡು ಎರಡು ಪಕ್ಕಕ್ಕೆ ಹೋಗಲಿ ಎಂದು. ನವೆಂಬರಿನಲ್ಲಿ ಸಂತ ಮಾರ್ಟಿನನ ಹಬ್ಬದ ಹೊತ್ತಿಗೆ ಬೆಟ್ಟದ ಹಿಂದೆ ಹೋದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರುವರಿಗೆ. ಅಲ್ಲಿಯವರೆಗೆ ಊರು ನೆರಳಲ್ಲೇ ಹಾಲು ಕರೆಯುತ್ತದೆ, ನೆರಳಲ್ಲೇ ಜಗಳವಾಡುತ್ತದೆ.

ಇಗರ್ಜಿಯ ಪಕ್ಕ ಹೆಣ ಹೂಳಲು ಅಂಗೈಯಗಲ ನೆಲ, ಅದರ ಸುತ್ತ ಒಂದು ಗೋಡೆ. ಪಾದ್ರಿಯ ಕೈಲಿ ತಲೆಗೆ ನೀರು ಹಾಕಿಸಿಕೊಂಡು ಜ್ಞಾನಸ್ನಾನ ಆದವರಿಗೆ ಗೋಡೆಯ ಒಳಗೆ ಜಾಗ. ಆಗದವರಿಗೆ ಹೊರಗೆ, ಹೊಳೆಯ ಕಡೆಗೆ. ಉಸಿರಿಲ್ಲದೆ ಹುಟ್ಟಿದ ಕೂಸಿಗೆ ಜ್ಞಾನಸ್ನಾನ ಮಾಡಿಸುವ ಹಾಗಿಲ್ಲ, ಅದಕ್ಕೆ ಸ್ವರ್ಗದ ಬಾಗಿಲೂ ಇಲ್ಲ ಎಂದು ಪಾದ್ರಿಗಳು ಹೇಳುತ್ತಿದ್ದರು. ಬೇಸಿಗೆಯ ಮೊದಲಿಗೆ ಹಿಮ ಕರಗಿ ಹೊಳೆ ಉಕ್ಕಿದಾಗ ಗೋಡೆಯ ಹೊರಗಿನ ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣಿನ ಜೊತೆ ಇನ್ನೇನು ಹೋಯಿತು ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಇಂಥ ಕಟ್ಟಳೆ ಮಾಡಿದ ಮಹಾನುಭಾವರು ಯಾರೂ ಹೆತ್ತವರಲ್ಲ ಬಿಡಿ.

ಘಟ್ಟಕ್ಕೆ ಇನ್ನೂ ರಸ್ತೆ ಬಂದಿರದ ಆ ಕಾಲದಲ್ಲಿ ಅಂಥ ಕೂಸುಗಳಿಗೆ ಇದ್ದದ್ದು ಒಂದೇ ದಾರಿ. ಘಟ್ಟದ ಆಚೆ, ಆರು ಗಂಟೆ ನಡೆದರೆ, ಮಾತೆ ಮರಿಯಳ ಒಂದು ಗುಡಿ. ಅಲ್ಲಿ ಕೂಸನ್ನು ಪೀಠದ ಮುಂದೆ ಮಲಗಿಸಿ, ಪಕ್ಕದಲ್ಲಿ ಕೆಂಡದ ತಟ್ಟೆ ಇಟ್ಟು, ತುಟಿಯ ಮೇಲೆ ಒಂದು ಹಕ್ಕಿಯ ಪುಕ್ಕ ಇಡುತ್ತಿದ್ದರು. ಪುಕ್ಕ ಅಲುಗಿತೋ, ಮಾತೆ ಮರಿಯಳು ಒಂದು ಗಳಿಗೆ ಜೀವ ಕೊಟ್ಟಳು ಎಂದು ಲೆಕ್ಕ. ಪಾದ್ರಿ ತಕ್ಷಣ ನೀರು ಹಾಕಿ ಹೆಸರಿಡುತ್ತಿದ್ದ. ಕೂಸು ಅಲ್ಲೇ ಗುಡಿಯ ಅಂಗಳದಲ್ಲಿ ಮಣ್ಣಾಗುತ್ತಿತ್ತು. ಹೊತ್ತೊಯ್ದವಳು ಖಾಲಿ ಬುಟ್ಟಿ ತರುತ್ತಿದ್ದಳು.

ಹೊರುತ್ತಿದ್ದವಳು ನಮ್ಮ ಸೂಲಗಿತ್ತಿ. ನೋಟ್‌ಬುರ್ಗಾ ಎಂದು ಹೆಸರಿಟ್ಟಿದ್ದರೂ ಎಲ್ಲರ ಬಾಯಲ್ಲಿ ಅವಳು ಬುರ್ಗಿ. ಗಿಡ್ಡ ಹೆಂಗಸು, ಗಟ್ಟಿ ಕಾಲು, ಅದಕ್ಕಿಂತ ಗಟ್ಟಿ ಬಾಯಿ. ಹೆರಿಗೆ ನೋವಲ್ಲಿ ಒದ್ದಾಡುವವಳಿಗೆ, "ಒಂಬತ್ತು ತಿಂಗಳು ಹೊತ್ತಿದ್ದೀಯ, ಇನ್ನೊಂದು ಗಳಿಗೆ ತಡ್ಕೊಳ್ಳೋಕೆ ನಿನಗೇನು ಧಾಡಿ?" ಎಂದು ಗದರುತ್ತಿದ್ದಳು. ಬಾಗಿಲಲ್ಲಿ ಕೈಕೈ ಹಿಸುಕಿಕೊಂಡು ನಿಂತ ಗಂಡನಿಗೆ, "ನೀನ್ಯಾಕಪ್ಪ ಇಲ್ಲಿ? ನಿನ್ನ ಕೆಲಸ ಆಗ್ಲೇ ಮುಗಿದಿದೆ, ಹೋಗಿ ಹಸು ನೋಡ್ಕೋ" ಎನ್ನುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಊರಿನ ಅರ್ಧದಷ್ಟು ಜನ ಅವಳ ಕೈಯಲ್ಲೇ ಹುಟ್ಟಿದವರು. ಹುಟ್ಟಿಯೂ ಹುಟ್ಟದೆ ಹೋದ ಹದಿನಾಲ್ಕನ್ನು ಅವಳು ಘಟ್ಟ ದಾಟಿಸಿದ್ದಳು. ಹದಿನಾಲ್ಕು ಸಲವೂ ಬುಟ್ಟಿ ಖಾಲಿಯಾಗಿ ಬಂದಿತ್ತು.

ಯಾಕೆಂದರೆ ಬುರ್ಗಿ ಊದುತ್ತಿದ್ದಳು.

ಮೊದಲ ಸಲ ಅದು ಚಮ್ಮಾರನ ಮನೆಯ ಕೂಸು. ಆಗ ಅವಳಿಗೆ ಇಪ್ಪತ್ತಾರು. ಮಧ್ಯಾಹ್ನದಿಂದ ಸಂಜೆಯವರೆಗೆ ರೆಪ್ಪೆ ಬಡಿಯದೆ ಪುಕ್ಕವನ್ನೇ ನೋಡುತ್ತ ಕುಳಿತಳು. ಅದು ಕಲ್ಲಿನ ಹಾಗೆ ಬಿದ್ದಿತ್ತು. ಊರಲ್ಲಿ ಆ ತಾಯಿ ಬಾಗಿಲಿಗೇ ಕಣ್ಣು ನೆಟ್ಟಿರುತ್ತಾಳೆ ಎನ್ನುವುದು ನೆನಪಾಯಿತು. ಪಾದ್ರಿ ದೀಪದ ಬತ್ತಿ ಸರಿಮಾಡಲು ಅತ್ತ ತಿರುಗಿದಾಗ ಬಗ್ಗಿ, ತುಟಿ ಸಣ್ಣಗೆ ಮಾಡಿ ಉಫ್ ಎಂದಳು. ಪುಕ್ಕ ಹಾರಿ ನೆಲಕ್ಕೆ ಬಿತ್ತು. "ಸ್ವಾಮೀ, ಅಲುಗ್ತು!" ಎಂದು ಕೂಗಿದಳು. ಆಮೇಲೆ ಪ್ರತಿಸಲವೂ ಪಾದ್ರಿ ಬತ್ತಿಯ ಕಡೆ ತಿರುಗಿದಾಗ ಊದುವುದು ಅಭ್ಯಾಸವಾಯಿತು. ಪಾಪ ಬಂದರೆ ತನಗೆ ಬರಲಿ ಎಂದುಕೊಂಡಳು. ಈ ಗುಟ್ಟನ್ನು ಗಂಡನಿಗೂ ಹೇಳಲಿಲ್ಲ. ಆತ ಮರದ ದಿಮ್ಮಿ ಉರುಳಿಸುತ್ತ ಅದರಡಿಗೇ ಸಿಕ್ಕಿ ಸತ್ತ.

ಉಳಿದವಳು ಒಬ್ಬಳೇ ಮಗಳು, ಅಫ್ರಾ. ಅವಳನ್ನು ಗಿರಣಿಯ ಕಾಸಿಯಾನ್‌ಗೆ ಕೊಟ್ಟಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಅಫ್ರಾ ಬಸುರಾದಳು. ದಿನ ತುಂಬಿದ್ದು ಸಂತ ಮಾರ್ಟಿನನ ಹಬ್ಬದ ಮಾರನೆಯ ದಿನ, ಸೂರ್ಯ ಹೋಗಿ ಒಂದು ದಿನವಾಗಿತ್ತು. ನಸುಕಿನಲ್ಲಿ ಬುರ್ಗಿ ತನ್ನ ಕೈಯಾರೆ ಹೆರಿಗೆ ಮಾಡಿಸಿದಳು. ಹೆಣ್ಣು. ಕೊರಳಿಗೆ ಕರುಳಬಳ್ಳಿ ಮೂರು ಸುತ್ತು. ಬೆನ್ನು ತಟ್ಟಿದಳು, ಕಾಲು ಹಿಡಿದು ಎತ್ತಿದಳು, ಬಾಯಿಗೆ ಬಾಯಿ ಇಟ್ಟಳು. ಏನು ಮಾಡಿದರೂ ಇಲ್ಲ.

"ಅಮ್ಮಾ, ಯಾಕೆ ಅಳ್ತಿಲ್ಲ ಅದು?" ಎಂದಳು ಅಫ್ರಾ.

ಬಾಯಿಬಡುಕಿ ಬುರ್ಗಿ ಕೂಸಿನ ಮೈ ಒರೆಸತೊಡಗಿದಳು.

ಅಫ್ರಾ ತಾಯಿಯ ಕೈ ಹಿಡಿದು, "ಕರ್ಕೊಂಡು ಹೋಗ್ತೀಯಲ್ಲಮ್ಮ?" ಎಂದಳು.

"ಹೋಗ್ತೀನಿ ಕಣೇ. ಈಗ್ಲೇ ಹೋಗ್ತೀನಿ."

"ಗೋಡೆ ಹೊರಗಡೆ ಮಾತ್ರ ಬೇಡ. ಹೊಳೆ ಎತ್ಕೊಂಡು ಹೋಗತ್ತೆ."

"ಸುಮ್ನಿರು. ನಾನಿಲ್ವಾ?"

ಬೆನ್ನುಬುಟ್ಟಿಗೆ ಹುಲ್ಲು ಹಾಸಿ, ಕೂಸನ್ನು ಉಣ್ಣೆಯಲ್ಲಿ ಸುತ್ತಿ, ರೈ ರೊಟ್ಟಿಯ ಒಂದು ತುಂಡು ಶಾಲಿನ ಚುಂಗಿಗೆ ಕಟ್ಟಿಕೊಂಡು ಹೊರಟಳು. ಘಟ್ಟದ ನೆತ್ತಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಅಲ್ಲಿ ನಿಂತರೆ ಬಿಸಿಲು ಕಾಣುತ್ತದೆ, ಆಚೆ ಕಣಿವೆಯವರಿಗೆ ಚಳಿಗಾಲದಲ್ಲೂ ಸೂರ್ಯನಿದ್ದಾನೆ. ಬುರ್ಗಿ ಬಿಸಿಲಲ್ಲಿ ಒಂದು ಗಳಿಗೆ ಕುಳಿತು ಬುಟ್ಟಿಯನ್ನು ಮುಂದಿಟ್ಟುಕೊಂಡಳು. ಮೂವತ್ತೊಂದು ವರ್ಷ ಒತ್ತಿಟ್ಟಿದ್ದ ಯೋಚನೆ ಅಲ್ಲಿ ಎದ್ದು ಕೂತಿತು. ಕದ್ದು ಮಾಡಿಸಿದ ಸ್ನಾನ ದೇವರ ಮುಂದೆ ನಿಲ್ಲುತ್ತದೆಯೇ? ಆ ಹದಿನಾಲ್ಕು ಕೂಸುಗಳು ಸ್ವರ್ಗದ ಒಳಗೆ ಹೋದವೋ, ಬಾಗಿಲಲ್ಲೇ ತಡೆದರೋ? ಅವಳು ಯಾವತ್ತೂ ಮಾತೆ ಮರಿಯಳಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ, ಪ್ರತಿಸಲವೂ ಅವಸರಪಟ್ಟು ಊದಿದ್ದಳು. ಅನ್ಯರ ಮಕ್ಕಳಿಗೆ ಏನೋ ಒಂದು ನಡೆದುಹೋಯಿತು. ತನ್ನ ಮೊಮ್ಮಗಳು ಮಾತ್ರ ನಿಜವಾಗಿ ಒಳಗೆ ಹೋಗಬೇಕು. ಈ ಸಲ ಊದುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಹುಚ್ಚು ಮುದುಕಿ! ಮೊಮ್ಮಗಳ ಮೇಲಿನ ಆಸೆ ಯಾರನ್ನು ಎಲ್ಲಿಗೆ ಒಯ್ದು ನಿಲ್ಲಿಸುತ್ತದೋ.

ಆ ಹದಿನಾಲ್ಕಕ್ಕೂ ನೀರು ಹಾಕಿದ್ದ ಗುಡಿಯ ಪಾದ್ರಿ ಯೋದೋಕ್ ಈಗ ಹಣ್ಣಾಗಿದ್ದ. ಬುಟ್ಟಿಯಲ್ಲಿರುವುದು ಯಾರ ಕೂಸು ಎಂದು ತಿಳಿದು ಅವಳ ತಲೆಯ ಮೇಲೆ ಕೈಯಿಟ್ಟ. ಕೆಂಡ ತಂದ. ಪುಕ್ಕ ಇಟ್ಟ. ಮಧ್ಯಾಹ್ನ ಜಾರಿತು.

"ಬತ್ತಿ ಸರಿಮಾಡಿ ಬರ್ತೀನಿ, ಬುರ್ಗಿ" ಎಂದು ಬೆನ್ನು ತಿರುಗಿಸಿದ. ಬುರ್ಗಿ ಉಸಿರು ಬಿಗಿಹಿಡಿದು ಕುಳಿತಳು, ತನ್ನ ಉಸಿರು ತಪ್ಪಿ ತಾಕೀತು ಎಂದು. ಪಾದ್ರಿ ಮರಳಿ ಬಂದು ಪುಕ್ಕ ನೋಡಿದ, ಅವಳ ಮುಖ ನೋಡಿದ. ಸ್ವಲ್ಪ ಹೊತ್ತು ಕಳೆದು ಎಣ್ಣೆ ತರುತ್ತೇನೆ ಎಂದು ಮತ್ತೆ ಹೋದ, ಬೇಕೆಂದೇ ತಡಮಾಡಿ ಬಂದ. ಪುಕ್ಕ ಇಟ್ಟಲ್ಲೇ ಇತ್ತು. ಬುರ್ಗಿ ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದಳು: ತಾಯೀ, ಹದಿನಾಲ್ಕು ಸಲ ನಿನ್ನ ಕೆಲಸ ನಾನು ಮಾಡಿಕೊಟ್ಟೆ, ಒಂದೇ ಒಂದು ಸಲ ನೀನು ಮಾಡು.

ಸಂಜೆಯ ಗಂಟೆಯಾಯಿತು. ಅದಾದ ಮೇಲೆ ಪುಕ್ಕ ಇಡುವಂತಿಲ್ಲ.

"ಬುರ್ಗಿ," ಎಂದ ಪಾದ್ರಿ, "ಇನ್ನೊಂದ್ಸಲ ಬತ್ತಿ ನೋಡ್ಕೊಂಡು ಬರ್ಲೇನವ್ವ?"

ಆಗ ಅವಳಿಗೆ ಅರ್ಥವಾಯಿತು. ಇಷ್ಟು ವರ್ಷವೂ ಆ ಬತ್ತಿಗಳಿಗೆ ಏನೂ ಆಗಿರಲಿಲ್ಲ.

"ಬೇಡಿ ಸ್ವಾಮಿ" ಎಂದಳು. ಹಟವೋ, ನಂಬಿಕೆಯೋ, ಅವಳಿಗೇ ಗೊತ್ತಿಲ್ಲ. ಯೋದೋಕ್ ಪುಕ್ಕ ತೆಗೆದ.

ಮಾರನೆಯ ದಿನ ಘಟ್ಟ ಇಳಿಯುವವಳನ್ನು ಊರು ದೂರದಿಂದಲೇ ನೋಡಿತು. ಖಾಲಿ ಬುಟ್ಟಿ ಬೆನ್ನ ಮೇಲೆ ಅತ್ತಿತ್ತ ಆಡುತ್ತದೆ. ಇದು ಆಡುತ್ತಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋದರು. ಚಮ್ಮಾರನ ಹೆಂಡತಿ ಮಾತ್ರ ನಿಂತೇ ಇದ್ದಳು. ಬುಟ್ಟಿ ಹತ್ತಿರ ಬರುತ್ತಲೇ ಮುಖ ಮುಚ್ಚಿಕೊಂಡಳು.

ಅಫ್ರಾ ಒಲೆಯ ಪಕ್ಕದ ಮಂಚದಲ್ಲಿ ಒರಗಿದ್ದಳು. ಎದೆಹಾಲು ಇಳಿದು ಅಂಗಿ ತೊಯ್ದಿತ್ತು. ಬುಟ್ಟಿ ನೋಡಿದಳು.

"ಅಲುಗ್ಲಿಲ್ವಾ?"

"ಇಲ್ಲ ಕಣೇ."

"ನೀನು ಊದ್ಲಿಲ್ವಾ?"

ಬುರ್ಗಿ ಬುಟ್ಟಿಯ ಪಟ್ಟಿ ಬಿಡಿಸುತ್ತಿದ್ದ ಕೈ ತಡೆದಳು. "ಏನಂದೆ?"

"ಅಮ್ಮಾ, ಊರಿಗೆಲ್ಲ ಗೊತ್ತು. ಚಮ್ಮಾರನ ಮನೆ ಅಕ್ಕನಿಗೂ ಗೊತ್ತು. ಅದಕ್ಕೇ ಅಲ್ವಾ ಅವಳು ಈಗ್ಲೂ ಈಸ್ಟರ್‌ಗೆ ನಿನಗೆ ಮೊಟ್ಟೆ ಕೊಡೋದು?" ಅಫ್ರಾ ಅಳುತ್ತಿರಲಿಲ್ಲ, ಅದೇ ಭಯವಾಗುವಂತಿತ್ತು. "ಗೊತ್ತಿದ್ರೂ ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ. ಹೇಳದೇ ಇದ್ರೆ ನಿಜಾನೇ ಆಗಿರತ್ತೆ. ಊರಿನ ಮಕ್ಕಳಿಗೆಲ್ಲ ಊದಿದೆ. ನನ್ನ ಮಗೂಗೆ ನಿನ್ನ ಹತ್ರ ಒಂದು ಉಸಿರು ಇರ್ಲಿಲ್ವಾ?"

"ನಿಜವಾಗ್ಲೂ ಆಗ್ಲಿ ಅಂತಾನೇ ಕಣೇ... ನಿನ್ನ ಮಗೂಗಾದ್ರೂ ಸುಳ್ಳು ಬೇಡ ಅಂತ..." ಬುರ್ಗಿ ಬುಟ್ಟಿಯನ್ನು ಇಳಿಸಿಯೇ ಇರಲಿಲ್ಲ. ಹಾಗೇ ಬಾಗಿಲ ಕಡೆ ತಿರುಗಿದಳು. "ಮತ್ತೆ ಹೋಗ್ತೀನಿ. ಈಗ್ಲೇ ಹೋಗ್ತೀನಿ. ಯೋದೋಕ್ ಸ್ವಾಮಿ ಬೇಡ ಅನ್ನಲ್ಲ. ಊದ್ತೀನಿ ಅಫ್ರಾ, ನಿನ್ನಾಣೆ ಊದ್ತೀನಿ."

"ಬೇಡ ಬಿಡು."

"ಯಾಕೇ?"

"ಈಗ ನಾನು ಬಾಯಿ ಬಿಟ್ಟು ಹೇಳಿಬಿಟ್ಟೆನಲ್ಲಮ್ಮ."

ಅಫ್ರಾ ಗೋಡೆಯ ಕಡೆಗೆ ಹೊರಳಿದಳು. ಬುರ್ಗಿ ನಿಂತಲ್ಲೇ ನಿಂತಿದ್ದಳು. ಅಳಿಯ ಕಾಸಿಯಾನ್ ಬಂದು, "ಕೊಡಿ ಅತ್ತೆ" ಎಂದು ಮೆಲ್ಲಗೆ ಅವಳ ಹೆಗಲಿಂದ ಪಟ್ಟಿ ಬಿಡಿಸಿದ. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಗುದ್ದಲಿ ಎತ್ತಿಕೊಂಡು ಹೊಳೆಯ ಕಡೆಗೆ ಹೋದ.